ಹಚ್ಚೆಯ ವಿದ್ಯೆ: ಕಲಿತವರೂ ಕಲಿಸಿದವರೂ

ರಾಜ್ಯೋತ್ಸವದ ಸಂಚಿಕೆಗಳಲ್ಲಿ ಕದಂಬರಿಂದ ಮೊದಲ್ಗೊಂಡು ವಿಜಯನಗರದವರೆಗಿನ ಅರಸರ ಕಥೆ, ಶಾಸನಗಳ ಕಥೆ, ಶಿಲ್ಪಿಗಳ ಕಥೆ ವರ್ಷವರ್ಷವೂ ಬರುತ್ತವೆ. ಬರತಕ್ಕದ್ದೇ ಸರಿ. ಕಲ್ಲಿನ ಮೇಲೆ ಬರೆದದ್ದು ಸಾವಿರ ವರ್ಷ ನಿಲ್ಲುತ್ತದೆ. ಅದನ್ನು ಓದಲು ವಿದ್ವಾಂಸರಿದ್ದಾರೆ, ಕಾಪಾಡಲು ಇಲಾಖೆಯಿದೆ. ಆದರೆ ಚರ್ಮದ ಮೇಲೆ ಬರೆದದ್ದು ಒಂದು ಆಯುಷ್ಯದಷ್ಟು ಕಾಲ ಮಾತ್ರ ಬಾಳುತ್ತದೆ. ಬಳಿಕ ಅದನ್ನು ಹೊತ್ತ ದೇಹದೊಡನೆ ಬೂದಿಯಾಗುತ್ತದೆ, ಇಲ್ಲವೆ ಮಣ್ಣಾಗುತ್ತದೆ. ನಮ್ಮ ಅಜ್ಜಿಯರ ಮುಂಗೈ ಮೇಲೆ, ಹಣೆಯ ಮೇಲೆ, ಗಲ್ಲದ ಮೇಲೆ ಇದ್ದ ಹಚ್ಚೆಯ ಗತಿ ಇದೇ ಆಗಿದೆ. ಅದನ್ನು ಹೊಯ್ದ ಕೈಗಳು ಯಾವುವು, ಆ ಕೈಗಳಿಗೆ ಆ ವಿದ್ಯೆ ಬಂದದ್ದು ಹೇಗೆ, ಕಲಿಸುವ ಆ ಪರಂಪರೆ ಎಲ್ಲಿ ಕಡಿದುಹೋಯಿತು ಎಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

ಮೊದಲು ಹೆಸರನ್ನು ನೋಡೋಣ. ಹಳಗನ್ನಡದ ಪಕಾರವು ಕಾಲಕ್ರಮದಲ್ಲಿ ಹಕಾರವಾದ ಸಂಗತಿ ಎಲ್ಲರೂ ಶಾಲೆಯಲ್ಲಿ ಕಲಿತದ್ದೇ. ಪಾಲು ಹಾಲಾಯಿತು, ಪುಲಿ ಹುಲಿಯಾಯಿತು, ಪೂ ಹೂವಾಯಿತು. ಹಾಗೆಯೇ ‘ಪಚ್ಚೆ’ ಎಂದರೆ ಹಸಿರು, ಅದೇ ‘ಹಚ್ಚೆ’ಯಾಯಿತು. ರತ್ನದ ಹೆಸರಿನಲ್ಲಿ ಪಚ್ಚೆ ಹಾಗೆಯೇ ಉಳಿದಿದೆ. ಚರ್ಮದ ಮೇಲಿನ ಹಸಿರು ಬರಹ ಮಾತ್ರ ಹಚ್ಚೆಯಾಗಿದೆ. ಚೆನ್ನೈಯ ಬಾಂಧವರು ನೆರೆಯವರ ಬಾಯಲ್ಲಿ ‘ಪಚ್ಚೈ ಕುತ್ತುದಲ್’ ಎಂಬುದನ್ನೂ, ಹೈದರಾಬಾದಿನವರು ‘ಪಚ್ಚಬೊಟ್ಟು’ ಎಂಬುದನ್ನೂ ಕೇಳಿರಬಹುದು. ಎಲ್ಲವೂ ಒಂದೇ ಬೇರಿನ ಚಿಗುರುಗಳು. ಮುಂಬಯಿ ಪುಣೆಗಳಲ್ಲಿರುವ ನಮಗೆ ‘ಗೋಂದಣ’ವೂ, ದಿಲ್ಲಿಯವರಿಗೆ ‘ಗೋದನಾ’ವೂ ಪರಿಚಿತ. ಆ ಮಾತುಗಳಲ್ಲಿ ಚುಚ್ಚುವ ಕ್ರಿಯೆ ಮುಂದಾಗಿದೆ. ನಮ್ಮ ಮಾತಿನಲ್ಲಿ ಬಣ್ಣ ಮುಂದಾಗಿದೆ.

ಇಲ್ಲಿ ಒಂದು ಸೋಜಿಗವನ್ನು ಗಮನಿಸಬೇಕು. ಹಚ್ಚೆಗೆ ಬಳಸುತ್ತಿದ್ದ ಮುಖ್ಯ ದ್ರವ್ಯ ಹಸಿರಲ್ಲ, ಅಚ್ಚ ಕಪ್ಪು. ದೀಪದ ಕಾಡಿಗೆಯನ್ನು ಸೊಪ್ಪಿನ ರಸದಲ್ಲಿಯೋ ತಾಯಿಯ ಎದೆಹಾಲಿನಲ್ಲಿಯೋ ಕಲೆಸುತ್ತಿದ್ದರು. ಆ ಕಪ್ಪು ಚರ್ಮದೊಳಕ್ಕೆ ಇಳಿದ ಮೇಲೆ ಹಸಿರಾಗಿ, ನೀಲಿಯಾಗಿ ತೋರುತ್ತದೆ. ಇದಕ್ಕೆ ಕಾರಣ ಸೊಪ್ಪಿನ ರಸವೆಂದು ಹಳಬರು ನಂಬಿದ್ದರು. ಸೊಪ್ಪಿನ ಹಸಿರು ಕೆಲವೇ ದಿನಗಳಲ್ಲಿ ಕರಗಿಹೋಗುತ್ತದೆ. ಉಳಿಯುವುದು ಇಂಗಾಲದ ಕಣಗಳು ಮಾತ್ರ. ಮೇಲಿನ ಚರ್ಮದ ಪದರವನ್ನು ಹಾದು ಹೋಗಿ ಬರುವ ಬೆಳಕು ಚದರುವುದರಿಂದ ಆ ಕಪ್ಪು ನಮ್ಮ ಕಣ್ಣಿಗೆ ನೀಲಿ ಹಸಿರಾಗಿ ಕಾಣುತ್ತದೆ. ಕಣಗಳು ಕೂರಬೇಕಾದ ಜಾಗ ಮೇಲ್ಚರ್ಮವಲ್ಲ, ಅದರ ಕೆಳಗಿನ ಒಳಚರ್ಮ. ಮೇಲ್ಚರ್ಮ ಕೆಲವು ವಾರಗಳಿಗೊಮ್ಮೆ ಪೂರ್ತಿ ಉದುರಿ ಹೊಸದಾಗುತ್ತದೆ. ಅಲ್ಲಿ ನಿಂತ ಮಸಿ ಉಳಿಯದು. ಒಳಚರ್ಮಕ್ಕಿಂತ ಆಳಕ್ಕೆ ಹೋದರೆ ಮಸಿ ಹರಡಿ ಗೆರೆ ಮಸುಕಾಗುತ್ತದೆ, ರಕ್ತವೂ ಹೆಚ್ಚು ಬರುತ್ತದೆ. ಸರಿಯಾದ ಆಳ ಒಂದರಿಂದ ಎರಡು ಮಿಲಿಮೀಟರು. ಈ ಒಂದು ಮಿಲಿಮೀಟರಿನ ಅಂತರವನ್ನು ಕಣ್ಣು ಅಳೆಯಲಾರದು, ಬೆರಳು ಅಳೆಯಬೇಕು. ಹಚ್ಚೆಯ ಶಿಕ್ಷಣವೆಂದರೆ ಮುಖ್ಯವಾಗಿ ಬೆರಳಿನ ಶಿಕ್ಷಣ. ಯಾವ ದೇಶದಲ್ಲಿ ನೋಡಿದರೂ ಈ ವಿದ್ಯೆ ಪುಸ್ತಕದಿಂದ ಬಾರದೆ ಗುರುವಿನ ಪಕ್ಕದಲ್ಲಿ ಕುಳಿತು ಬಂದಿರುವುದಕ್ಕೆ ಮೂಲಕಾರಣ ಇದು.

ನಮ್ಮ ನಾಡಿನಲ್ಲಿ ಈ ಗುರುಸ್ಥಾನದಲ್ಲಿದ್ದವರು ಯಾರು? ಕೊರವ, ಕೊರಮ, ಕೊರಚ ಎಂದು ಕರೆಯಿಸಿಕೊಳ್ಳುವ ಸಮುದಾಯದ ಹೆಂಗಸರು. ತೆಲುಗರು ಇವರನ್ನೇ ಎರುಕಲರೆನ್ನುತ್ತಾರೆ. ಗಂಡಸರು ಬುಟ್ಟಿ ಹೆಣೆಯುತ್ತ, ಎತ್ತುಗಳ ಮೇಲೆ ಉಪ್ಪು ಧಾನ್ಯಗಳನ್ನು ಹೇರಿಕೊಂಡು ವ್ಯಾಪಾರ ಮಾಡುತ್ತಿದ್ದರೆ, ಹೆಂಗಸರು ಕಣಿ ಹೇಳುತ್ತ, ಹಚ್ಚೆ ಹೊಯ್ಯುತ್ತ ಊರೂರು ತಿರುಗುತ್ತಿದ್ದರು. ನಮ್ಮ ಯಕ್ಷಗಾನದಲ್ಲಿ ಬರುವ ಕೊರವಂಜಿ ಇವಳೇ. 1942ರಲ್ಲಿ ಡಾ. ಎಂ. ಶಿವರಾಂ ಅವರು ತಮ್ಮ ಹಾಸ್ಯಪತ್ರಿಕೆಗೆ ‘ಕೊರವಂಜಿ’ ಎಂದು ಹೆಸರಿಟ್ಟಾಗ ಕನ್ನಡಿಗರಿಗೆ ಅದರ ಅರ್ಥ ಬಿಡಿಸಿ ಹೇಳಬೇಕಾಗಿರಲಿಲ್ಲ; ಬಾಗಿಲಿಗೆ ಬಂದು ನಿಂತು ಇದ್ದದ್ದನ್ನು ಇದ್ದಂತೆ ನುಡಿಯುವವಳು ಎಂದು ಎಲ್ಲರೂ ಬಲ್ಲರು. ಕಣಿ ಹೇಳಿದ ಕೊರವಂಜಿ ನಾಟಕದಲ್ಲಿ ಉಳಿದಳು, ಪತ್ರಿಕೆಯಲ್ಲಿ ಉಳಿದಳು. ಹಚ್ಚೆ ಹೊಯ್ದ ಕೊರವಂಜಿಯನ್ನು ನೆನೆದವರು ಕಡಿಮೆ. ಇವರಲ್ಲದೆ ತೊಗಲುಗೊಂಬೆ ಆಡಿಸುವ ಕಿಳ್ಳೇಕ್ಯಾತರ ಹೆಂಗಸರೂ ಹಚ್ಚೆ ಹೊಯ್ಯುವುದರಲ್ಲಿ ಹೆಸರಾದವರು. ಗಂಡ ಜಿಂಕೆಯ ತೊಗಲಿಗೆ ಸಣ್ಣ ಸಣ್ಣ ರಂಧ್ರಗಳನ್ನು ಕೊರೆದು ರಾಮ ಸೀತೆಯರನ್ನು ಬಿಡಿಸಿದರೆ, ಹೆಂಡತಿ ಮನುಷ್ಯರ ಚರ್ಮದ ಮೇಲೆ ಚುಕ್ಕೆ ಚುಕ್ಕೆಯಾಗಿ ಬಿಡಿಸಿದಳು. ಎರಡೂ ಚುಕ್ಕೆಯ ಕಲೆಯೇ, ಎರಡೂ ತೊಗಲಿನ ಕಲೆಯೇ.

ಕೆಲಸದ ಕ್ರಮ ಹೀಗಿತ್ತು. ಮೊದಲು ಮೊಂಡು ಕಡ್ಡಿಯನ್ನು ಮಸಿಯಲ್ಲಿ ಅದ್ದಿ ಮುಂಗೈ ಮೇಲೆ ಆಕೃತಿಯನ್ನು ಬರೆಯುವುದು. ತುಳಸಿಕಟ್ಟೆ, ತೊಟ್ಟಿಲು, ತಾವರೆ, ನವಿಲು, ಚೇಳು ಇವು ಸಾಮಾನ್ಯ. ಗಂಡನ ಹೆಸರನ್ನು ಬಾಯಿಂದ ಹೇಳಬಾರದಾದ್ದರಿಂದ ಕೈಮೇಲೆ ಬರೆಯಿಸಿಕೊಂಡವರೂ ಉಂಟು. ಬಳಿಕ ದಾರದಿಂದ ಒಟ್ಟಿಗೆ ಕಟ್ಟಿದ ಕೆಲವು ಸೂಜಿಗಳಿಂದ ಆ ಗೆರೆಯ ಮೇಲೆ ಚುಚ್ಚುತ್ತ ಹೋಗುವುದು. ಕೊನೆಗೆ ನೀರಿನಿಂದ ತೊಳೆದು, ಮಸಿಯನ್ನು ತಿಕ್ಕಿ, ಉರಿ ತಣಿಯಲು ಎಣ್ಣೆ ಅರಿಸಿನ ಸವರುವುದು. ಇಷ್ಟೂ ಹೊತ್ತು ಹಾಡು ನಡೆದೇ ಇರುತ್ತಿತ್ತು. ಎಡ್ಗರ್ ಥರ್ಸ್ಟನ್ ಎಂಬ ಅಧಿಕಾರಿ 1909ರಲ್ಲಿ ಏಳು ಸಂಪುಟಗಳಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜಾತಿಗಳ ಗ್ರಂಥದಲ್ಲಿ ಈ ಹಾಡಿನ ವಿಷಯ ಬರುತ್ತದೆ. ಅದು ಮನರಂಜನೆಯ ಹಾಡಲ್ಲ. ಅಳುವ ಹುಡುಗಿಯ ಗಮನವನ್ನು ನೋವಿನಿಂದ ಬೇರೆ ಕಡೆಗೆ ತಿರುಗಿಸುವ ಉಪಾಯ.

ಹೀಗಿರಲು ಶಿಷ್ಯೆ ಏನೇನು ಕಲಿಯಬೇಕಾಗಿತ್ತು ಎಂಬುದನ್ನು ಲೆಕ್ಕ ಹಾಕಿ ನೋಡಿ. ಕಾಡಿಗೆ ಹಿಡಿಯುವುದು, ಯಾವ ಸೊಪ್ಪು ಎಲ್ಲಿ ಸಿಗುವುದೆಂದು ತಿಳಿಯುವುದು, ಸೂಜಿಗಳ ಮೊನೆ ಸಮವಾಗುವಂತೆ ಕಟ್ಟುವುದು, ಆಕೃತಿಗಳನ್ನು ನೆನಪಿನಲ್ಲಿಡುವುದು, ಎಡಗೈಯಿಂದ ಚರ್ಮವನ್ನು ಬಿಗಿಯಾಗಿ ಎಳೆದು ಹಿಡಿಯುವುದು, ಬಲಗೈಯ ಪೆಟ್ಟನ್ನು ಒಂದೇ ಆಳಕ್ಕೆ ನಿಲ್ಲಿಸುವುದು, ಹಾಡುವುದು, ಗದರಿಸದೆ ಸಂತೈಸುವುದು, ಕೊನೆಗೆ ಧಾನ್ಯವೋ ಕಾಸೋ ಹಳೆಯ ಸೀರೆಯೋ ಕೂಲಿಯ ಮಾತನ್ನು ಮನೆಯ ಯಜಮಾನಿಯೊಡನೆ ಚೌಕಾಸಿ ಮಾಡಿ ಮುಗಿಸುವುದು. ಇದು ಸಣ್ಣ ಪಠ್ಯಕ್ರಮವಲ್ಲ. ಇದಕ್ಕೆ ಶಾಲೆಯಿರಲಿಲ್ಲ, ಪ್ರಮಾಣಪತ್ರವಿರಲಿಲ್ಲ. ತಾಯಿಯ ಹಿಂದೆ ಹಾದಿ ನಡೆಯುವುದೇ ಪಾಠ. ಊರ ಜನ ಮುಂದಿನ ಸಲವೂ ಕರೆದರೆ ಅದೇ ಪರೀಕ್ಷೆಯಲ್ಲಿ ತೇರ್ಗಡೆ.

ಇದನ್ನು ಬರೆಯುವಾಗ ಹಿಂದಿನದೆಲ್ಲ ಚಿನ್ನವೆಂದು ಹೇಳುವ ಇಚ್ಛೆ ನನಗಿಲ್ಲ. ಎಂಟು ಹತ್ತು ವರ್ಷದ ಹುಡುಗಿಯನ್ನು ಇಬ್ಬರು ಹಿಡಿದುಕೊಂಡು ಮೂರನೆಯವರು ಚುಚ್ಚುವುದರಲ್ಲಿ ಹುಡುಗಿಯ ಒಪ್ಪಿಗೆಯ ಪ್ರಶ್ನೆಯೇ ಇರಲಿಲ್ಲ. ಒಂದೇ ಸೂಜಿಯ ಕಟ್ಟು ಕೇರಿಯ ಎಲ್ಲ ಹುಡುಗಿಯರ ಕೈಗೂ ತಗಲುತ್ತಿತ್ತು. ರಕ್ತದಿಂದ ರಕ್ತಕ್ಕೆ ಕಾಮಾಲೆಯಂಥ ರೋಗ ದಾಟುತ್ತದೆಂಬುದು ಅಂದು ಯಾರಿಗೂ ತಿಳಿದಿರಲಿಲ್ಲ. ಇನ್ನೂ ಒಂದು ಮಾತು ಹೇಳದೆ ವಿಧಿಯಿಲ್ಲ. ಯಾರ ಕೈ ನಮ್ಮ ಮನೆಯ ಹೆಣ್ಣುಮಕ್ಕಳ ಕೈ ಹಿಡಿದು ಗಂಟೆಗಟ್ಟಲೆ ಕುಳಿತಿತ್ತೋ ಆ ಕೈಯವಳನ್ನು ಹೊಸಲಿನೊಳಕ್ಕೆ ಕರೆದವರು ವಿರಳ. ಜಗಲಿಯ ಕೆಳಗೆ, ಮರದ ನೆರಳಿನಲ್ಲಿ ಅವಳ ಪಾಠಶಾಲೆ. ಸತ್ತಾಗ ಮೈಮೇಲಿನ ಬಂಗಾರ ಬರುವುದಿಲ್ಲ, ಹಚ್ಚೆಯೊಂದೇ ಜೊತೆಗೆ ಬರುವುದೆಂದು ನಂಬಿದ್ದ ಸಮಾಜ, ಆ ಅಕ್ಷಯವಾದ ಒಡವೆಯನ್ನು ತೊಡಿಸಿದವಳಿಗೆ ಕೊಟ್ಟ ಮರ್ಯಾದೆ ಅಷ್ಟೇ.

ಅನ್ಯದೇಶಗಳಲ್ಲಿ ಇದೇ ವಿದ್ಯೆಗೆ ದೊರೆತ ಸ್ಥಾನವನ್ನು ಹೋಲಿಸಿ ನೋಡಿದರೆ ನಮ್ಮ ಸಂಗತಿ ಹೆಚ್ಚು ಸ್ಪಷ್ಟವಾಗುತ್ತದೆ. ಶಾಂತಸಾಗರದ ಸಮೋವಾ ದ್ವೀಪಗಳಲ್ಲಿ ಹಚ್ಚೆಗಾರನಿಗೆ ‘ತುಫುಗಾ’ ಎಂದು ಹೆಸರು. ಮನೆ ಕಟ್ಟುವ, ದೋಣಿ ಕಟ್ಟುವ ಕುಶಲಿಗಳಿಗೆ ಸಲ್ಲುವ ಗೌರವದ ಪದವೇ ಅದು. ಈ ವಿದ್ಯೆಯನ್ನು ತಾಯೆಮಾ, ತಿಲಾಫೈಗಾ ಎಂಬ ಅವಳಿ ಸೋದರಿಯರು ಫಿಜಿಯಿಂದ ಸಮುದ್ರ ಈಜಿ ತಂದರೆಂದು ಅಲ್ಲಿನವರ ಐತಿಹ್ಯ. ‘ಹೆಂಗಸರಿಗೆ ಹಚ್ಚೆ, ಗಂಡಸರಿಗಲ್ಲ’ ಎಂದು ಹಾಡಿಕೊಂಡು ಬರುತ್ತಿದ್ದವರು ನಡುವೆ ಚಿಪ್ಪಿಗಾಗಿ ನೀರಿನಲ್ಲಿ ಮುಳುಗೆದ್ದಾಗ ಹಾಡು ತಿರುವುಮುರುವಾಯಿತಂತೆ. ಆದುದರಿಂದಲೇ ಅಲ್ಲಿ ಸೊಂಟದಿಂದ ಮೊಣಕಾಲಿನವರೆಗೆ ದಟ್ಟವಾದ ಹಚ್ಚೆ ಗಂಡಸರಿಗೆ. ವಿದ್ಯೆ ಕೆಲವು ಮನೆತನಗಳಲ್ಲಿಯೇ ನಡೆದು ಬಂದಿದೆ. ಹಂದಿಯ ಕೋರೆಯಿಂದ ಮಾಡಿದ ಹಲ್ಲುಹಲ್ಲಿನ ಬಾಚಣಿಗೆಯಂಥ ಉಪಕರಣವನ್ನು ಸಣ್ಣ ಕೋಲಿನಿಂದ ತಟ್ಟುವುದು ಗುರುವಿನ ಕೆಲಸ. ಚರ್ಮ ಎಳೆದು ಹಿಡಿಯುವುದು, ರಕ್ತ ಒರಸುವುದು ಶಿಷ್ಯರ ಕೆಲಸ. ವರ್ಷಗಟ್ಟಲೆ ಚರ್ಮ ಹಿಡಿದವನಿಗೆ ಮಾತ್ರ ಒಂದು ದಿನ ಕೋಲು ಕೈಗೆ ಬರುತ್ತದೆ. 1769ರಲ್ಲಿ ಕ್ಯಾಪ್ಟನ್ ಕುಕ್‌ನ ಹಡಗು ತಾಹಿತಿಗೆ ಹೋದಾಗ ಅಲ್ಲಿ ಕೇಳಿದ ‘ತತಾವ್’ ಎಂಬ ಮಾತೇ ಮುಂದೆ ಇಂಗ್ಲಿಷಿನ ‘ಟ್ಯಾಟೂ’ ಆಯಿತು. 1830ರಿಂದ ಪಾದ್ರಿಗಳು ಸಮೋವಾಕ್ಕೆ ಬಂದು ಹಚ್ಚೆಯನ್ನು ವಿರೋಧಿಸಿದರೂ ಆ ಮನೆತನಗಳು ಕೋಲನ್ನು ಕೆಳಗಿಡಲಿಲ್ಲ. ಸುತ್ತಣ ಎಷ್ಟೋ ದ್ವೀಪಗಳಲ್ಲಿ ವಿದ್ಯೆ ಅಳಿದರೂ ಅಲ್ಲಿ ಉಳಿಯಿತು.

ಫಿಲಿಪ್ಪೀನ್ಸಿನ ಕಳಿಂಗ ಪ್ರಾಂತದ ವಾಂಗ್ ಓಡ್ ಎಂಬ ವೃದ್ಧೆಯ ಕಥೆಯೂ ಇಲ್ಲಿ ಸ್ಮರಣೀಯ. ಹೊರಗಿನವರಿಗೆ ಕಲಿಸಿದರೆ ಗಾಯ ಕೀವಾಗುತ್ತದೆ, ವಿದ್ಯೆ ರಕ್ತಸಂಬಂಧದಲ್ಲಿಯೇ ನಡೆಯಬೇಕು ಎಂಬುದು ಅವರ ಸಂಪ್ರದಾಯ. ಮಕ್ಕಳಿಲ್ಲದ ಆಕೆ ತನ್ನ ಸೋದರಸಂಬಂಧದ ಮೊಮ್ಮಕ್ಕಳಿಗೆ ಕಲಿಸಿದಳು. 2023ರಲ್ಲಿ, ತನ್ನ 106ನೆಯ ವಯಸ್ಸಿನಲ್ಲಿ, ಒಂದು ಹೆಸರಾಂತ ಫ್ಯಾಷನ್ ಪತ್ರಿಕೆಯ ಮುಖಪುಟದಲ್ಲಿ ಕಾಣಿಸಿಕೊಂಡಳು. ಒಂದು ಪರಂಪರೆ ಇಬ್ಬರು ಮೂವರು ಹುಡುಗಿಯರ ಕೈಯಲ್ಲಿ ಹೇಗೆ ತೂಗಾಡುತ್ತದೆ, ಮತ್ತು ಹೇಗೆ ಉಳಿಯುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಶಿಷ್ಯವೃತ್ತಿಯ ಕಟ್ಟುನಿಟ್ಟನ್ನು ನೋಡಬೇಕಾದರೆ ಜಪಾನಿಗೆ ಹೋಗಬೇಕು. ಅಲ್ಲಿ ಮೊದಲು ಹಚ್ಚೆ ಅಪಮಾನದ ಗುರುತಾಗಿತ್ತು. 1720ರಿಂದ ಕಳ್ಳತನ ಮೊದಲಾದ ಅಪರಾಧಗಳಿಗೆ ಕೈಮೇಲೆ ಗೆರೆಯೆಳೆಯುವ ಶಿಕ್ಷೆ ಜಾರಿಗೆ ಬಂದು 1870ರವರೆಗೂ ನಡೆಯಿತು. ಆದರೆ 1827ರ ಸುಮಾರಿಗೆ ಕುನಿಯೋಶಿ ಎಂಬ ಚಿತ್ರಕಾರ ಒಂದು ಚೀನೀ ವೀರಕಥೆಯ ನಾಯಕರನ್ನು ಮೈತುಂಬ ಹಚ್ಚೆಯೊಡನೆ ಅಚ್ಚುಚಿತ್ರಗಳಲ್ಲಿ ಬಿಡಿಸಿದ. ಎದೋ ನಗರದ ಬೆಂಕಿ ಆರಿಸುವವರು, ಕೂಲಿಗಳು ಆ ಚಿತ್ರಗಳಂತೆಯೇ ತಮ್ಮ ಬೆನ್ನ ಮೇಲೆ ಬರೆಯಿಸಿಕೊಳ್ಳಲು ಮುಗಿಬಿದ್ದರು. ಮರದಲ್ಲಿ ಅಚ್ಚು ಕೊರೆಯುವುದಕ್ಕೂ ಚರ್ಮದಲ್ಲಿ ಹಚ್ಚೆ ಹೊಯ್ಯುವುದಕ್ಕೂ ಜಪಾನಿನಲ್ಲಿ ಒಂದೇ ಕ್ರಿಯಾಪದ, ‘ಹೋರು’, ಅಂದರೆ ಕೆತ್ತು. ಹಚ್ಚೆಯ ಗುರುವಿನ ಹೆಸರು ‘ಹೋರಿ’ ಎಂದೇ ಆರಂಭವಾಗುತ್ತದೆ.

ಅಲ್ಲಿ ಶಿಷ್ಯನಾಗಬೇಕೆಂದವನು ಗುರುವಿನ ಮನೆಯಲ್ಲಿಯೇ ವಾಸಿಸಬೇಕು. ಮೊದಲ ವರ್ಷಗಳಲ್ಲಿ ಸೂಜಿಯ ಮಾತೇ ಇಲ್ಲ. ನೆಲ ಗುಡಿಸುವುದು, ಅಡಿಗೆಗೆ ನೆರವಾಗುವುದು, ಬಂದವರಿಗೆ ಚಹ ಕೊಡುವುದು, ಮಸಿಯ ಗಟ್ಟಿಯನ್ನು ಕಲ್ಲಿನ ಮೇಲೆ ತೇಯುವುದು, ಬಿದಿರಿನ ಹಿಡಿಗೆ ರೇಷ್ಮೆ ದಾರದಿಂದ ಸೂಜಿಗಳನ್ನು ಕಟ್ಟುವುದು, ಗುರುವಿನ ಚಿತ್ರಗಳನ್ನು ನೂರಾರು ಸಲ ತಿದ್ದುವುದು. ಕಲಿಸುವುದೆಂದರೆ ಬಾಯಿಬಿಟ್ಟು ಹೇಳುವುದಲ್ಲ. ಪಕ್ಕದಲ್ಲಿ ಕುಳಿತು ನೋಡಿ ‘ಕದಿಯಬೇಕು’ ಎಂಬುದು ಅಲ್ಲಿನ ಕುಶಲಕರ್ಮಿಗಳ ಮಾತು. ಮೊದಲ ಹಚ್ಚೆಯನ್ನು ಶಿಷ್ಯ ತನ್ನ ತೊಡೆಯ ಮೇಲೆಯೇ ಹೊಯ್ದುಕೊಳ್ಳುತ್ತಾನೆ. ತನಗೆ ನೋವಾಗದೆ ಇನ್ನೊಬ್ಬನಿಗೆ ಎಷ್ಟು ನೋವಾಗುತ್ತದೆಂಬುದು ತಿಳಿಯದು ಎಂಬ ನ್ಯಾಯ. ನಾಲ್ಕೈದು ವರ್ಷಗಳ ಮೇಲೆ ಗುರು ಹೆಸರು ಕೊಟ್ಟರೂ ಕೆಲಕಾಲ ಸಂಪಾದನೆಯನ್ನು ಗುರುವಿಗೊಪ್ಪಿಸುವ ಋಣಸೇವೆಯೂ ಉಂಟು. ಯೊಕೊಹಾಮದ ಇಂದಿನ ಪ್ರಸಿದ್ಧ ಹಚ್ಚೆಗಾರ ಮೂರನೆಯ ಹೊರಿಯೋಶಿ 1971ರಲ್ಲಿ ಮೊದಲ ಹೊರಿಯೋಶಿಯ ಬಳಿ ಶಿಷ್ಯನಾಗಿ ಸೇರಿ, ಮುಂದೆ ಆ ಹೆಸರನ್ನು ಪಡೆದವರು. ನಮ್ಮ ಸಂಗೀತದ ಗುರುಕುಲವನ್ನು ಬಲ್ಲವರಿಗೆ ಈ ಕ್ರಮ ಹೊಸದೆನಿಸದು.

ಈ ಪರಂಪರೆಗೂ ಸರಕಾರದ ಕಂಟಕ ತಪ್ಪಲಿಲ್ಲ. ಪಾಶ್ಚಾತ್ಯರ ಕಣ್ಣಿಗೆ ತಾವು ಅನಾಗರಿಕರಾಗಿ ಕಾಣಬಾರದೆಂದು 1872ರಲ್ಲಿ ಜಪಾನು ಹಚ್ಚೆಯನ್ನು ನಿಷೇಧಿಸಿತು. ವಿಪರ್ಯಾಸವೆಂದರೆ, 1881ರಲ್ಲಿ ಅಲ್ಲಿಗೆ ಹೋದ ಬ್ರಿಟಿಷ್ ರಾಜಕುಮಾರ, ಮುಂದೆ ಐದನೆಯ ಜಾರ್ಜ್ ಆದವನು, ತನ್ನ ತೋಳಿನ ಮೇಲೆ ಹಚ್ಚೆ ಹೊಯ್ಯಿಸಿಕೊಂಡು ಬಂದ. ನಿಷೇಧ 1948ರಲ್ಲಿ ತೆರವಾಯಿತು. ಆಮೇಲೂ ಹಚ್ಚೆ ವೈದ್ಯವೃತ್ತಿಯ ಒಂದು ಭಾಗವೇ, ಅದಕ್ಕೆ ವೈದ್ಯನ ಸನ್ನದು ಬೇಕೇ ಎಂಬ ವ್ಯಾಜ್ಯ ನಡೆದು, 2020ರ ಸೆಪ್ಟೆಂಬರಿನಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಬೇಡವೆಂದು ತೀರ್ಪಿತ್ತಿತು. ಎಪ್ಪತ್ತಾರು ವರ್ಷ ನಿಷೇಧವಿದ್ದರೂ ವಿದ್ಯೆ ಹೇಗೆ ಉಳಿಯಿತು? ಗುರುವಿನ ಮನೆ ಒಂದೇ ಕಡೆ ಇತ್ತು. ಮುಚ್ಚಿದ ಬಾಗಿಲ ಹಿಂದೆ ಪಾಠ ನಡೆಯಿತು. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ನಮ್ಮ ಕೊರವಂಜಿಗೆ ಆ ಅನುಕೂಲ ಇರಲಿಲ್ಲ.

ಪಶ್ಚಿಮದ ಕಥೆಯನ್ನು ಬೇಗನೆ ಮುಗಿಸಬಹುದು. ಎಡಿಸನ್ 1876ರಲ್ಲಿ ನಕಲು ತೆಗೆಯಲು ಕಾಗದಕ್ಕೆ ರಂಧ್ರ ಮಾಡುವ ವಿದ್ಯುತ್ ಲೇಖನಿಗೆ ಪೇಟೆಂಟ್ ಪಡೆದ. ಅದೇ ತತ್ತ್ವವನ್ನು ಹಿಡಿದು ನ್ಯೂಯಾರ್ಕಿನ ಸ್ಯಾಮ್ಯುಯೆಲ್ ಓ’ರೈಲಿ 1891ರ ಡಿಸೆಂಬರಿನಲ್ಲಿ ಹಚ್ಚೆಯ ಯಂತ್ರಕ್ಕೆ ಪೇಟೆಂಟ್ ಪಡೆದ. ಕಚೇರಿಯ ಗುಮಾಸ್ತರಿಗೆಂದು ಹುಟ್ಟಿದ ಉಪಕರಣದಿಂದ ನಾವಿಕರ ತೋಳು ತುಂಬಿತು. ಯಂತ್ರ ಬಂದ ಮೇಲೆ ಕೈವೇಗ ಹೆಚ್ಚಿತು. ಅಂಗಡಿಯ ಹುಡುಗನಾಗಿ ಸೇರಿ, ಗುಡಿಸಿ, ಸೂಜಿ ಬೆಸೆದು, ಚಿತ್ರ ತಿದ್ದಿ ಮೇಲೇರುವ ಕ್ರಮ ಮಾತ್ರ ಉಳಿಯಿತು. 1961ರಲ್ಲಿ ಕಾಮಾಲೆಯ ಭಯದಿಂದ ನ್ಯೂಯಾರ್ಕ್ ನಗರ ಹಚ್ಚೆಯನ್ನು ನಿಷೇಧಿಸಿ 1997ರಲ್ಲಿ ಅನುಮತಿಸಿತು. ಈಗ ಅಮೆರಿಕದ ಕೆಲವು ಸಂಸ್ಥಾನಗಳಲ್ಲಿ ಸನ್ನದು ಬೇಕಾದರೆ ನಿಯಮಿತ ತರಬೇತಿಯಾಗಬೇಕು. ಆರೆಗಾನಿನಲ್ಲಿ ಅದು 360 ಗಂಟೆ. ಅಲ್ಲಿ ಕಾನೂನು ವಿದ್ಯೆಯನ್ನು ಒಂದು ಕಾಲಕ್ಕೆ ತಡೆದರೂ ಮತ್ತೊಂದು ಕಾಲಕ್ಕೆ ಅದಕ್ಕೆ ಶಾಲೆಯ ರೂಪ ಕೊಟ್ಟಿತು.

ನಮ್ಮಲ್ಲಿ ಕಾನೂನು ಮಾಡಿದ್ದೇನು? ಇದು ಈ ಇತಿಹಾಸದ ಅತ್ಯಂತ ಕಹಿಯಾದ ಅಧ್ಯಾಯ. ಈಸ್ಟ್ ಇಂಡಿಯಾ ಕಂಪೆನಿಯ ಸರಕಾರ 1797ರಲ್ಲಿ ಬಂಗಾಳದಲ್ಲಿ ಜೀವಾವಧಿ ಕೈದಿಗಳ ಹಣೆಯ ಮೇಲೆ ಅವರ ಅಪರಾಧವನ್ನು ಹಚ್ಚೆಯಾಗಿ ಹೊಯ್ಯಿಸುವ ಕಟ್ಟಳೆ ಮಾಡಿತು. ಮದ್ರಾಸಿಗೂ ಅದು ಹಬ್ಬಿತು. ಕೈದಿಗಳು ರುಮಾಲನ್ನು ಕೆಳಕ್ಕೆಳೆದು ಸುತ್ತಿ ಹಣೆ ಮುಚ್ಚಿಕೊಳ್ಳುತ್ತಿದ್ದರು. 1849ರಲ್ಲಿ ಇದು ಅಮಾನುಷವೆಂದು ರದ್ದಾಯಿತು. ಒಬ್ಬೊಬ್ಬರ ಹಣೆಯ ಮೇಲೆ ಬರೆಯುವುದನ್ನು ನಿಲ್ಲಿಸಿದ ಸರಕಾರ, ಇಪ್ಪತ್ತೆರಡು ವರ್ಷಗಳಲ್ಲಿಯೇ ಇಡೀ ಜಾತಿಗಳ ಹಣೆಯ ಮೇಲೆ ಬರೆಯಲು ತೊಡಗಿತು. 1871ರ ‘ಕ್ರಿಮಿನಲ್ ಟ್ರೈಬ್ಸ್’ ಕಾಯಿದೆ ಮೊದಲು ಉತ್ತರದಲ್ಲಿ ಜಾರಿಗೆ ಬಂದು, 1911ರ ತಿದ್ದುಪಡಿಯಿಂದ ಮದ್ರಾಸು ಪ್ರಾಂತವನ್ನೂ ಒಳಗೊಂಡಿತು. ಆ ಪಟ್ಟಿಯಲ್ಲಿ ಕೊರವರೂ ಸೇರಿದರು.

ಅದಕ್ಕೆ ಮೊದಲೇ ಅವರ ಜೀವನೋಪಾಯಕ್ಕೆ ಪೆಟ್ಟು ಬಿದ್ದಿತ್ತು. ವಾಣಿಜ್ಯಶಾಸ್ತ್ರ ಓದಿದವನಾದುದರಿಂದ ಈ ಭಾಗ ನನ್ನ ಮನಸ್ಸನ್ನು ಹೆಚ್ಚಾಗಿ ಹಿಡಿದಿದೆ. ಕರಾವಳಿಯಿಂದ ಒಳನಾಡಿಗೆ ಉಪ್ಪನ್ನು ಎತ್ತುಗಳ ಮೇಲೆ ಸಾಗಿಸಿ, ಬದಲಿಗೆ ಧಾನ್ಯ ಕೊಳ್ಳುವುದು ಕೊರವರ ಮುಖ್ಯ ವ್ಯಾಪಾರ. ಉಪ್ಪಿನ ಮೇಲೆ ಸರಕಾರದ ಬಿಗಿತ, ರೈಲಿನ ಓಡಾಟ, ಎರಡೂ ಸೇರಿ ಆ ವ್ಯಾಪಾರವನ್ನು ಮುರಿದವು. ಸರಕಿಲ್ಲದೆ ತಿರುಗುವವನು ಪೋಲೀಸರ ಕಣ್ಣಿಗೆ ಕಳ್ಳನಾಗಿ ಕಂಡ. ಪಟ್ಟಿಗೆ ಸೇರಿದ ಮೇಲೆ ಬೆರಳೊತ್ತು ಕೊಡಬೇಕು, ಠಾಣೆಯಲ್ಲಿ ಹಾಜರಿ ಹಾಕಬೇಕು, ಊರು ಬಿಡಬೇಕಾದರೆ ಪಾಸು ಪಡೆಯಬೇಕು. ಹುಬ್ಬಳ್ಳಿ, ಗದಗು, ಬಿಜಾಪುರ, ಸೊಲ್ಲಾಪುರಗಳಲ್ಲಿ ತಂತಿಬೇಲಿಯ ‘ಸೆಟ್ಲ್‌ಮೆಂಟು’ಗಳಾದವು, ಅಲ್ಲಿನವರನ್ನು ಗಿರಣಿಯ ಕೆಲಸಕ್ಕೂ ರೈಲ್ವೆಯ ಕೆಲಸಕ್ಕೂ ಹಚ್ಚಿದರು.

ಇದರಿಂದ ಹಚ್ಚೆಯ ವಿದ್ಯೆಗೆ ಆದದ್ದೇನೆಂದು ಯೋಚಿಸಿ. ತಾಯಿಯ ಹಿಂದೆ ಹಾದಿ ನಡೆಯುವುದೇ ಪಾಠ ಎಂದು ಮೇಲೆ ಹೇಳಿದೆ. ನಡೆಯುವುದೇ ಅಪರಾಧವಾದ ಮೇಲೆ ಪಾಠಶಾಲೆಯ ಬಾಗಿಲು ಮುಚ್ಚಿದಂತೆಯೇ. ಜಪಾನಿನ ಗುರುವಿನಂತೆ ಬಾಗಿಲು ಹಾಕಿಕೊಂಡು ಕಲಿಸಲು ಇವಳಿಗೆ ಬಾಗಿಲಾದರೂ ಎಲ್ಲಿತ್ತು? ಇನ್ನೊಂದನ್ನೂ ಗಮನಿಸಬೇಕು. 1956ರ ನವೆಂಬರ್ 1ರ ಮೊದಲು ಕನ್ನಡಿಗರು ಮುಂಬಯಿ, ಮದ್ರಾಸು, ಹೈದರಾಬಾದು, ಮೈಸೂರು, ಕೊಡಗು ಎಂದು ಹಂಚಿಹೋಗಿದ್ದರು. ಏಕೀಕರಣದ ಹಿರಿಯರು ಸಭೆಗಳಲ್ಲಿ ಒಂದುಗೂಡಿಸಲು ಹೆಣಗಿದ ನಾಡನ್ನು ಈ ಅಲೆಮಾರಿ ಹೆಂಗಸರು ತಮ್ಮ ಕಾಲಿನಿಂದಲೇ ಒಂದಾಗಿ ಬಲ್ಲವರಾಗಿದ್ದರು. ಬಳ್ಳಾರಿಯ ಸೀಮೆಯಲ್ಲಿಯೂ ಧಾರವಾಡದ ಸೀಮೆಯಲ್ಲಿಯೂ ರಾಯಚೂರಿನ ಸೀಮೆಯಲ್ಲಿಯೂ ಮುದುಕಿಯರ ಕೈಮೇಲೆ ಅದೇ ತೊಟ್ಟಿಲು, ಅದೇ ತುಳಸಿಕಟ್ಟೆ ಕಂಡರೆ ಅದಕ್ಕೆ ಕಾರಣ ಸರಕಾರದ ಗಡಿಯನ್ನು ಲೆಕ್ಕಿಸದ ಇವರ ನಡಿಗೆ.

1952ರ ಆಗಸ್ಟ್ 31ರಂದು ಆ ಕಾಯಿದೆ ರದ್ದಾಯಿತು. ವಿಮುಕ್ತರೆಂಬ ಹೊಸ ಹೆಸರು ಬಂದಿತು. ಆದರೆ ಕಾಗದದ ಮೇಲಿನ ಬರಹ ಅಳಿದಷ್ಟು ಸುಲಭವಾಗಿ ಜನರ ಮನಸ್ಸಿನ ಬರಹ ಅಳಿಯುವುದಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಹಗ್ಗ ಹೊಸೆಯುವ ಕಾಯಕವನ್ನೇ ಕೈಲಾಸವಾಗಿಸಿಕೊಂಡ ನುಲಿಯ ಚಂದಯ್ಯನವರನ್ನು ಕೊರಮರು ತಮ್ಮ ಹಿರಿಯರೆಂದು ನೆನೆಯುತ್ತಾರೆ. ಕಾಯಕಕ್ಕೆ ಮೇಲುಕೀಳಿಲ್ಲವೆಂದು ಸಾರಿದ ನಾಡಿನಲ್ಲಿಯೇ ಕಾಯಕದವರನ್ನು ಹುಟ್ಟುಕಳ್ಳರೆಂದು ಬರೆದ ಪುಸ್ತಕಗಳನ್ನು ನಾವು ಬಹುಕಾಲ ನಂಬಿದೆವು.

ಎಲ್ಲ ಹೊಣೆಯನ್ನೂ ಕಾನೂನಿನ ಮೇಲೆಯೇ ಹೊರಿಸುವುದೂ ನ್ಯಾಯವಲ್ಲ. ಹೆಣ್ಣುಮಕ್ಕಳು ಶಾಲೆಗೆ ಹೋಗತೊಡಗಿದರು. ಹಚ್ಚೆ ಹಳ್ಳಿಯ ಗುರುತಾಯಿತು, ನಾಚಿಕೆಯಾಯಿತು. ನಗರಕ್ಕೆ ವಲಸೆ ಬಂದ ನಮ್ಮಂಥ ಕುಟುಂಬಗಳಲ್ಲಿ ಈ ನಾಚಿಕೆ ಇನ್ನೂ ಹೆಚ್ಚು. ಬ್ಯಾಂಕಿನ ಕೌಂಟರಿನಲ್ಲಿ ಪಿಂಚಣಿಗೆಂದು ಬರುವ ಮುದುಕಿಯರು ಹೆಬ್ಬೆಟ್ಟು ಒತ್ತುವಾಗ ಸೆರಗನ್ನು ಮುಂಗೈವರೆಗೆ ಎಳೆದುಕೊಳ್ಳುವುದನ್ನು ನಾನು ಕಂಡಿದ್ದೇನೆ. ಅರ್ಜಿಯಲ್ಲಿ ‘ಗುರುತಿನ ಚಿಹ್ನೆ’ ಎಂಬ ಅಂಕಣ ಬಂದಾಗ ಮಾತ್ರ ಆ ಹಸಿರು ಚುಕ್ಕೆಗಳು ಬೆಳಕಿಗೆ ಬರುತ್ತವೆ. ಒಂದು ಕಾಲದಲ್ಲಿ ಮುತ್ತೈದೆತನದ ಒಡವೆಯಾಗಿದ್ದದ್ದು ಈಗ ನಮೂನೆ ಕಾಗದದ ಒಂದು ಸಾಲು.

ಅತ್ತ ಅದೇ ಮುದುಕಿಯರ ಮೊಮ್ಮಕ್ಕಳು ಬೆಂಗಳೂರು ಮುಂಬಯಿಗಳ ಹವಾನಿಯಂತ್ರಿತ ಅಂಗಡಿಗಳಲ್ಲಿ ಸಾವಿರಾರು ರೂಪಾಯಿ ತೆತ್ತು ಹಚ್ಚೆ ಹೊಯ್ಯಿಸಿಕೊಳ್ಳುತ್ತಿದ್ದಾರೆ. ಇನ್ನಷ್ಟು ಹಣ ತೆತ್ತು ಅದನ್ನು ಕಲಿಯುವವರೂ ಇದ್ದಾರೆ. ಈ ಹೊಸ ಶಿಕ್ಷಣದಲ್ಲಿ ಮೆಚ್ಚತಕ್ಕದ್ದು ಬಹಳವಿದೆ. ಮೊದಲು ತಿಂಗಳುಗಟ್ಟಲೆ ಚಿತ್ರಾಭ್ಯಾಸ. ಬಳಿಕ ಹಣ್ಣಿನ ಸಿಪ್ಪೆಯ ಮೇಲೆ, ಹಂದಿಯ ಚರ್ಮದ ಮೇಲೆ, ರಬ್ಬರಿನಂಥ ಕೃತಕ ಚರ್ಮದ ಮೇಲೆ ಸೂಜಿಯ ಅಭ್ಯಾಸ. ಕೊನೆಗೆ ಗುರುವಿನ ಕಣ್ಣೆದುರು ಮನುಷ್ಯರ ಮೇಲೆ. ಒಬ್ಬರಿಗೆ ಬಳಸಿದ ಸೂಜಿ ಇನ್ನೊಬ್ಬರಿಗೆ ಸಲ್ಲದು; ಲೋಹದ ಉಪಕರಣಗಳನ್ನು 121 ಡಿಗ್ರಿ ಸೆಲ್ಸಿಯಸ್ ಹಬೆಯ ಒತ್ತಡದಲ್ಲಿ ಶುದ್ಧಿ ಮಾಡಬೇಕು. ಹಚ್ಚೆ ಹೊಯ್ಯಿಸಿಕೊಂಡವರು 12 ತಿಂಗಳು ರಕ್ತದಾನ ಮಾಡಬಾರದೆಂದು 2020ರಲ್ಲಿ ತಿದ್ದಿದ ನಮ್ಮ ದೇಶದ ನಿಯಮ ಹೇಳುತ್ತದೆ. ಭೂಸೇನೆಗೆ ಸೇರುವ ಆಸೆಯಿರುವ ಹುಡುಗರು ಮುಂಗೈಯ ಒಳಭಾಗ ಮತ್ತು ಅಂಗೈಯ ಹಿಂಭಾಗ ಬಿಟ್ಟು ಬೇರೆಡೆ ಹಚ್ಚೆ ಹೊಯ್ಯಿಸಿಕೊಂಡರೆ ಆಯ್ಕೆಗೆ ತೊಡಕಾಗುತ್ತದೆ. ಸಂಪ್ರದಾಯದಂತೆ ಹಚ್ಚೆ ಹೊಯ್ಯಿಸಿಕೊಳ್ಳುವ ಬುಡಕಟ್ಟಿನವರಿಗೆ ಮಾತ್ರ ಅಲ್ಲಿ ರಿಯಾಯಿತಿ ಉಂಟು. ಮಕ್ಕಳು ಕೇಳಿದರೆ ತಂದೆತಾಯಿಗಳು ಗದರಿಸುವ ಬದಲು ಇಷ್ಟು ಸಂಗತಿ ಹೇಳಿದರೆ ಸಾಕು.

ಆದರೆ ಈ ಹೊಸ ಪಾಠಶಾಲೆಯ ಗೋಡೆಯ ಮೇಲೆ ಸಮೋವಾದ ಗೆರೆಗಳಿವೆ, ಜಪಾನಿನ ಮೀನುಗಳಿವೆ, ರೋಮನ್ ಲಿಪಿಯ ಅಕ್ಷರಗಳಿವೆ. ತುಳಸಿಕಟ್ಟೆ ತೊಟ್ಟಿಲುಗಳು ಅಪರೂಪ. ಅಲ್ಲಿ ಕಲಿಯುವವರು ಅನ್ಯದೇಶದ ಗುರುಗಳ ಹೆಸರನ್ನು ಭಕ್ತಿಯಿಂದ ಹೇಳುತ್ತಾರೆ. ತಮ್ಮ ಅಜ್ಜಿಗೆ ಹಚ್ಚೆ ಹೊಯ್ದವಳ ಹೆಸರನ್ನು ಬಲ್ಲವರಿಲ್ಲ. ಸಮೋವಾದವರಿಗೆ ತಮ್ಮ ಗುರುಮನೆತನಗಳ ಹೆಸರು ಗೊತ್ತು, ಜಪಾನೀಯರಿಗೆ ಮೂರನೆಯವನು ಯಾರು, ಮೊದಲನೆಯವನು ಯಾರು ಎಂದು ಗೊತ್ತು. ನಮ್ಮ ಸಾವಿರಾರು ಗುರುಗಳಲ್ಲಿ ಒಬ್ಬಳ ಹೆಸರೂ ದಾಖಲೆಯಲ್ಲಿ ನಿಂತಿಲ್ಲ. ನಿಂತಿದ್ದರೆ ಅದು ಠಾಣೆಯ ಹಾಜರಿ ಪುಸ್ತಕದಲ್ಲಿ.

ಈ ಕೊರತೆಯನ್ನು ಪೂರ್ತಿ ತುಂಬುವುದು ಇನ್ನು ಸಾಧ್ಯವಿಲ್ಲವಾದರೂ ಸ್ವಲ್ಪಮಟ್ಟಿಗೆ ಸಾಧ್ಯ. ಅದಕ್ಕೆ ವಿಶ್ವವಿದ್ಯಾನಿಲಯವೇ ಬೇಕೆಂದಿಲ್ಲ. ನಮ್ಮ ಸಂಘದ ಕುಟುಂಬಗಳಲ್ಲಿ ಹಚ್ಚೆಯುಳ್ಳ ಹಿರಿಯರು ಇನ್ನೂ ಕೆಲವರಿದ್ದಾರೆ. ರಜೆಗೆ ಊರಿಗೆ ಹೋದಾಗ ಇನ್ನೂ ಕೆಲವರು ಸಿಗುತ್ತಾರೆ. ಅವರ ಕೈಮೇಲಿನ ಆಕೃತಿಯನ್ನು ಒಂದು ಕಾಗದದಲ್ಲಿ ಬಿಡಿಸಿಕೊಳ್ಳಿ, ಛಾಯಾಚಿತ್ರ ತೆಗೆದುಕೊಳ್ಳಿ. ಅದಕ್ಕೆ ಅವರು ಏನೆಂದು ಹೆಸರಿಡುತ್ತಾರೆ, ಯಾವ ಊರಿನಲ್ಲಿ, ಎಷ್ಟು ವಯಸ್ಸಿನಲ್ಲಿ ಹೊಯ್ಯಿಸಿಕೊಂಡರು, ಕೂಲಿಯಾಗಿ ಏನು ಕೊಟ್ಟರು, ಹೊಯ್ದವಳು ಯಾವ ಹಾಡು ಹಾಡಿದಳು ಎಂದು ಕೇಳಿ ಬರೆದಿಡಿ. ಎಲ್ಲಕ್ಕಿಂತ ಮುಖ್ಯವಾಗಿ, ಅವಳ ಹೆಸರು ನೆನಪಿದೆಯೇ ಎಂದು ಕೇಳಿ. ಹತ್ತು ಮನೆಯವರು ಹೀಗೆ ಮಾಡಿದರೆ ಮುಂದಿನ ವರ್ಷದ ಸಂಚಿಕೆಯಲ್ಲಿ ಎರಡು ಪುಟ ತುಂಬುತ್ತವೆ. ಅಕ್ಷರ ಕಲಿಸಿದ ಗುರುಗಳ ಹೆಸರನ್ನು ನಾವು ಮರೆಯುವುದಿಲ್ಲ. ಕೈಮೇಲೆ ಬರೆದ ಗುರುವಿನ ಹೆಸರೂ ಆ ಸಾಲಿನಲ್ಲಿ ಒಂದು ಕಡೆ ಇರಲಿ.